ಹೇಳಿದ ಹೆಸರು ಬರೆಯದ ಮೇಡಂ

ಅವರು ತೀರಿಕೊಂಡ ವಾರದಲ್ಲೇ ಗಂಗಾವತಿಯ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ‘ಮೃದು ಸ್ವಭಾವದವರು’, ‘ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದವರು’, ‘ಯಾರ ಮನಸ್ಸನ್ನೂ ನೋಯಿಸದವರು’ ಎಂದು ಹೇಳಿ ಕೂತರು. ಹಿಂದಿನ ಬೆಂಚಿನಲ್ಲಿದ್ದ ನನಗೆ ಬೇರೆ ಯಾರದೋ ಸಂತಾಪ ಸಭೆಗೆ ಬಂದು ಕೂತೆನೇನೋ ಅನ್ನಿಸಿತು. ಅವರು ಮೃದು ಸ್ವಭಾವದವರಲ್ಲ. ಹೊಂದಿಕೊಂಡು ಹೋದವರಂತೂ ಅಲ್ಲವೇ ಅಲ್ಲ. ನನ್ನ ಮನಸ್ಸನ್ನೇ ವಾರಕ್ಕೊಮ್ಮೆಯಾದರೂ ನೋಯಿಸುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಅವರಲ್ಲಿದ್ದ ಒಳ್ಳೆಯದನ್ನು ಬಿಟ್ಟು ಇಲ್ಲದ್ದನ್ನು ಹೇಳಿದರೆ ಅದು ಅವರ ಮೇಲೆ ಇನ್ನೊಂದಿಷ್ಟು ಮಣ್ಣು ಎಳೆದಂತೆ. ಆ ಸಭೆಯಲ್ಲಿ ನನಗೆ ಮಾತಾಡಲು ಕೊಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ಎಲ್ಲರ ಬಾಯಲ್ಲಿ ‘ಪೀಡಿ ಮೇಡಂ’. ನಾನು ಕನ್ನಡ ಕಲಿಸುವವಳು, ಹಾಗಾಗಿ ಅವರ ಬಾಯಲ್ಲಿ ನಾನು ಬರೀ ‘ಕನ್ನಡ’. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು “ಏ ಕನ್ನಡ, ಕೂತು ಕೂತು ಸೊಂಟ ಹಿಡೀತೈತಿ, ಎದ್ದು ಬಾ” ಎಂದು ಕೂಗಿದರೆ ಪ್ರಾಚಾರ್ಯರೂ ಒಮ್ಮೆ ಎದ್ದು ನಿಲ್ಲುತ್ತಿದ್ದರು. ಗಿಡ್ಡ ಆಳು, ಅಗಲ ಭುಜ. ಚೂಡಿದಾರದ ಕೆಳಗೆ ಟ್ರ್ಯಾಕ್ ಪ್ಯಾಂಟು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಹರೆಯದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಕಬಡ್ಡಿ ಆಡಿದವರು. ರಾಜ್ಯ ತಂಡದ ಶಿಬಿರದಿಂದ ಎತ್ತರ ಸಾಲದೆಂದು ವಾಪಸು ಕಳಿಸಿದ್ದರಂತೆ.

“ಆಮೇಲೇನು ಮಾಡಿದಿರಿ?” ಎಂದು ಒಮ್ಮೆ ಕೇಳಿದೆ. ಏನಾದರೂ ಕಣ್ಣೀರಿನ ಕತೆ ಬರುತ್ತದೆಂದುಕೊಂಡಿದ್ದೆ.

“ಊರಿಗೆ ಬಂದೆ, ಉಂಡೆ, ಮಲಗಿದೆ. ಮರುದಿನ ಎದ್ದು ನೋಡಿಕೊಂಡೆ. ಅಷ್ಟ ಗಿಡ್ಡಾಕಿ ಇದ್ದೆ” ಎಂದು ಕೈಯಲ್ಲಿದ್ದ ಮಿರ್ಚಿ ಭಜಿ ಕಚ್ಚಿದರು.

ಅವರಿಗೆ ಕಾಲೇಜಿನದಲ್ಲದೆ ಇನ್ನೊಂದು ಕೆಲಸವಿತ್ತು. ಟೀವಿಯಲ್ಲಿ ಬರುವ ವೃತ್ತಿಪರ ಕಬಡ್ಡಿ ಲೀಗಿಗೆ ಪ್ರತಿವರ್ಷ ಆಟಗಾರರ ಹರಾಜು ನಡೆಯುತ್ತದಲ್ಲ, ಅದಕ್ಕೆ ಮೊದಲು ಕಾಲೇಜುಗಳಲ್ಲಿ ಆಡುವ ಹೊಸ ಹುಡುಗರು ಯಾರಿದ್ದಾರೆ ಎಂದು ತಂಡದವರು ಹುಡುಕಿಸುತ್ತಾರೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಒಂದು ತಂಡದ ಪರವಾಗಿ ಹಾಗೆ ಹುಡುಕುತ್ತಿದ್ದವರು ಇವರು. ಅದು ಸಿಕ್ಕಿದ್ದೂ ಬಾಯಿಂದಲೇ. ಒಂದು ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆ ತಂಡದ ಕೋಚ್, ಹರಿಯಾಣದ ಎತ್ತರದ ಮನುಷ್ಯ, ಒಬ್ಬ ರೈಡರನ ದಾಳಿಗಳನ್ನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಕೂತಿದ್ದರಂತೆ. ಇವರು ಹಿಂದಿನಿಂದ ಬಗ್ಗಿ, ತಮ್ಮ ಹರಕು ಹಿಂದಿಯಲ್ಲಿ, “ಸಾಬ್, ಈ ಹುಡುಗನಿಗೆ ವಿರಾಮದ ನಂತರ ದಮ್ಮು ಸಾಲಲ್ಲ, ಬ್ಯಾಟರಿ ಉಳಿಸಿಕೊಳ್ಳಿ” ಎಂದರಂತೆ. ಹುಡುಗನಿಗೆ ವಿರಾಮದ ನಂತರ ದಮ್ಮು ಸಾಲಲಿಲ್ಲ. ಕೋಚ್ ಇವರ ಫೋನ್ ನಂಬರು ಕೇಳಿದರು.

ಗಂಡಸರ ಆಟಕ್ಕೆ ಹುಡುಗರನ್ನು ಆರಿಸಲು ಒಬ್ಬ ಹೆಂಗಸು! ನಮ್ಮ ಕಡೆ ಇದನ್ನು ಯಾರೂ ಸುಮ್ಮನೆ ನುಂಗಿಕೊಳ್ಳಲಿಲ್ಲ. ಯಲಬುರ್ಗಾದಲ್ಲಿ ಒಂದು ಪಂದ್ಯದ ಹೊತ್ತಿಗೆ, ಚಹಾದಂಗಡಿಯ ಮುಂದೆ, ಬೇರೆ ಕಾಲೇಜಿನ ಪೀಡಿ ಒಬ್ಬರು ಎಲ್ಲರಿಗೂ ಕೇಳುವಂತೆ, “ಗಂಡಸರ ತೊಡಿ ನೋಡಾಕ ಈಗ ಹೆಂಗಸರು ಬರಾಕ್ಹತ್ಯಾರ” ಎಂದರು. ಹತ್ತಿರದಲ್ಲಿದ್ದವರೆಲ್ಲ ನಕ್ಕರು. ಮೇಡಂ ಚಹಾದ ಕಪ್ಪು ಕೆಳಗಿಟ್ಟು ಅವರ ಕಡೆ ತಿರುಗಿದರು.

“ತೊಡಿ ನಿಮಗೂ ಅದಾವಲ್ರಿ ಸರ್. ನಾ ಅತ್ಲಾಗ ಕಣ್ಣೆತ್ತಿ ನೋಡೇನೇನು? ಆಟ ಇದ್ದಲ್ಲಷ್ಟ ನೋಡ್ತೀನಿ.”

ಈ ಸಲ ನಗು ಜೋರಾಗಿತ್ತು. ಆ ಪೀಡಿ ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಮೇಡಂ ಅವರ ಯಜಮಾನರೂ ಮಾತಿನಲ್ಲಿ ಅದೇ ಜಾತಿಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಭಾನುವಾರ ಯಾರಾದರೂ ಬೇಕೆಂದೇ “ಮೇಡಂ ಎಲ್ಲಿ ಹೋಗ್ಯಾರ್ರಿ?” ಎಂದು ಕೇಳಿದರೆ, ಗ್ರೀಸಿನ ಕೈ ಒರೆಸುತ್ತ, “ಕುಷ್ಟಗಿಗೆ ಗಂಡು ನೋಡಾಕ ಹೋಗ್ಯಾಳ್ರಿ. ನನಗಿಂತ ಛಲೋದು ಇನ್ನೂ ಸಿಕ್ಕಿಲ್ಲ” ಎನ್ನುತ್ತಿದ್ದರು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಆ ಕುಷ್ಟಗಿಯ ಪಂದ್ಯಗಳಿಗೇ ಒಮ್ಮೆ ನಾನೂ ಅವರ ಸ್ಕೂಟರಿನ ಹಿಂದೆ ಕೂತು ಹೋಗಿದ್ದೆ. ಎಲ್ಲರೂ ಪೆಂಡಾಲಿನ ನೆರಳಲ್ಲಿ ಕುರ್ಚಿ ಹಿಡಿದರೆ ಇವರು ಬಿಸಿಲಲ್ಲಿ, ಅಂಗಳದ ಹಿಂಬದಿಯ ಮೂಲೆಯಲ್ಲಿ ನಿಂತರು. ಅಲ್ಲಿಂದ ಆಟಗಾರರ ಬೆನ್ನು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ನಾನು ತಲೆಯ ಮೇಲೆ ವೇಲ್ ಹೊದ್ದು ಗೊಣಗಿದೆ.

“ಮುಖ ನೋಡಿದ್ರ ಮರುಳಾಗ್ತೀವಿ” ಎಂದರು. “ದಾಳಿಗೆ ಬಂದಾವನ್ನ ಎಲ್ಲಾರೂ ನೋಡ್ತಾರ. ಅವ ಬಲಕ್ಕ ಹೋದಾಗ ಎಡಮೂಲ್ಯಾಗ ನಿಂತಾವ ಏನು ಮಾಡಾಕ್ಹತ್ಯಾನ, ಅದನ್ನ ನೋಡು.”

ನೋಡಿದೆ. ಕೊಪ್ಪಳದ ಸರ್ಕಾರಿ ಕಾಲೇಜಿನ ತಂಡದಲ್ಲಿ ಎಡಮೂಲೆಗೆ ಒಬ್ಬ ಹುಡುಗನಿದ್ದ. ಬೀರಪ್ಪ, ಅಳವಂಡಿಯವನು. ಅಷ್ಟೇನೂ ಎತ್ತರವಿಲ್ಲ. ರೈಡರ್ ಆಚೆ ಮೂಲೆಯಲ್ಲಿದ್ದರೂ ಇವನ ಕಾಲು ನಿಂತಿರಲಿಲ್ಲ. ಎದುರಿಗೆ ಆಡುತ್ತಿದ್ದದ್ದು ನಮ್ಮದೇ ಕಾಲೇಜು. ನಮ್ಮ ರೈಡರ್ ವಿನಯ. ಅಕ್ಕಿ ಗಿರಣಿಯವರ ಮನೆಯ ಹುಡುಗ, ನಮ್ಮ ಆಡಳಿತ ಮಂಡಳಿ ಅಧ್ಯಕ್ಷರ ತಮ್ಮನ ಮಗ. ಎತ್ತರ, ಅಂದ; ಹಾಡು ಹಾಕಿದ ಅವನ ವಿಡಿಯೋಗಳು ಎಲ್ಲರ ಮೊಬೈಲಿನಲ್ಲಿ ಹರಿದಾಡುತ್ತಿದ್ದವು. ವಿನಯ ಎಡಕ್ಕೆ ಬಂದಾಗ ಬೀರಪ್ಪ ಅವನ ಪಾದಕ್ಕೆ ಎರಗಿದ, ಆದರೆ ಒಂದು ಕ್ಷಣ ತಡವಾಯಿತು. ವಿನಯ ಅವನನ್ನು ಮುಖ ಕೆಳಗಾಗಿ ಎಳೆದುಕೊಂಡು ನಡುಗೆರೆ ಮುಟ್ಟಿದ. ಜನ ಕುಣಿದರು. ಸ್ವಲ್ಪ ಹೊತ್ತಿಗೆ ಬೀರಪ್ಪ ಮತ್ತೆ ಅಂಗಳಕ್ಕೆ ಬಂದ. ವಿನಯ ಮತ್ತೆ ಅದೇ ಮೂಲೆಗೆ ಬಂದ. ಬೀರಪ್ಪ ಅದೇ ಪಾದಕ್ಕೆ ಮತ್ತೆ ಎರಗಿದ. ಈ ಸಲ ಹಿಡಿತ ಬಿಡಲಿಲ್ಲ.

“ಹೂಂ” ಎಂದರು ಮೇಡಂ. ಅಷ್ಟೇ.

ಆ ದಿನ ಕಪ್ ಗೆದ್ದದ್ದು ನಾವೇ, ಹೆಚ್ಚು ಅಂಕ ತಂದವನು ವಿನಯನೇ. ವಾಪಸು ಬರುವಾಗ ನಾನು, “ಇಬ್ಬರ ಹೆಸರನ್ನೂ ಕಳಿಸಿಬಿಡಿ” ಎಂದೆ.

“ವಿನಯಂದು ಬಲಗೈ ಒಂದ ಚಾಚ್ತೈತಿ. ಎಡಭುಜ ಏನೋ ಅಡ್ಡ ಬರ್ತೈತಿ ಅವಂಗ, ಮುಚ್ಚಿಟ್ಟಾನ. ದೊಡ್ಡ ಆಟದಾಗ ಅದನ್ನ ಕಂಡುಹಿಡದು ಬಿಡ್ತಾರ. ಅವನದು ಈ ವರ್ಷ ಬ್ಯಾಡ.”

ಹರಾಜು ಹತ್ತಿರ ಬಂದಾಗ ಅಧ್ಯಕ್ಷರಿಂದ ಕರೆ ಬಂತು. ಕಾಲೇಜಿನ ಸುದ್ದಿಗಳನ್ನು ಪತ್ರಿಕೆಗೆ ಕೊಡುವ ಕೆಲಸ ಆಗ ನನ್ನದಿತ್ತು. ಒಳ್ಳೆಯ ಸುದ್ದಿ ಬರೆಸಲೆಂದು ನನ್ನನ್ನೂ ಕರೆಸಿದ್ದರು. ಹೋಗಿ ಕೂತೆವು. ಗೋಡಂಬಿ ಬಂತು, ಚಹಾ ಬಂತು.

“ಟೀಮಿನವರಿಗೆ ಹೆಸರು ಯಾವಾಗ ಕಳಸ್ತೀರಿ ಮೇಡಂ?”

“ಕಳಿಸೀನ್ರಿ ಸರ್.”

“ಛಲೋ ಆತು. ನಮ್ಮ ವಿನಯಂದು ಮೊದಲ ಹಾಕೀರಿ ಹೌದಲ್ಲ?”

“ಅವನದಿಲ್ರಿ.”

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಗೋಡಂಬಿ ನೋಡಿದೆ.

“ಇಲ್ಲ ಅಂದ್ರೇನ್ರಿ? ಕಪ್ ಗೆದ್ದು ತಂದಾನ ಅವ!”

“ನಮಗ ಗೆದ್ದು ತಂದಾನ್ರಿ. ಅದಕ್ಕ ಅವನ್ನ ನಮ್ಮ ತಂಡದ ನಾಯಕ ಮಾಡೀನಿ. ಅವರು ನನ್ನ ಕೇಳಿದ್ದು ಬ್ಯಾರೆ. ಅವನ ಎಡಭುಜ ಆಡಂಗಿಲ್ರಿ.”

“ಮತ್ತ ಯಾರಂದು ಬರದೀರಿ?”

“ಕೊಪ್ಪಳದ ಸರ್ಕಾರಿ ಕಾಲೇಜಿನ ಹುಡುಗಂದು. ಅಳವಂಡ್ಯಾವ.”

ಅಧ್ಯಕ್ಷರು ದನಿ ತಗ್ಗಿಸಿದರು. “ಪಗಾರ ನಾವು ಕೊಡೂದು, ಹೆಸರು ಕೊಪ್ಪಳದವಂದು ಬರಿಯೂದು. ಇದ್ಯಾವ ನ್ಯಾಯ ಮೇಡಂ?”

“ಪಗಾರ ಆಡಸಾಕ ಕೊಡ್ತೀರಿ, ಆಡಸ್ತೀನಿ. ನನ್ನ ಕಣ್ಣು ನಿಮ್ಮ ಪಗಾರದಾಗ ಬಂದಿಲ್ರಿ.”

“ಒಂದು ಹೆಸರು. ಒಂದು ಸಾಲು. ಬರದ್ರ ನಿಮ್ಮ ಗಂಟೇನು ಹೋಗ್ತೈತಿ?”

“ಆ ಒಂದು ಸಾಲು ಬರದೆ ಅಂದ್ರ, ಮುಂದ ನಾ ಏನು ಬರದ್ರೂ ಕಿಮ್ಮತ್ತಿರಂಗಿಲ್ರಿ. ಅವರು ಓದೂದು ಬಿಡ್ರಿ, ನನಗ ಅದರ ಮ್ಯಾಲ ನಂಬಿಕಿ ಬರಂಗಿಲ್ಲ.”

ಚಹಾ ಕುಡಿಯದೆ ಎದ್ದು ಬಂದರು. ನಾನೂ ಹಿಂದೆ ಬಂದೆ. ನಡೆಯುತ್ತ, “ಗೋಡಂಬಿ ಆದ್ರೂ ತಿನಬೇಕಿತ್ತು ನೀನು, ಛಲೋವಿದ್ದವು” ಎಂದರು.

ಮರುವಾರವೇ ಆಟದ ಕೋಣೆಯ ಕೀಲಿ ಅವರ ಕೈ ತಪ್ಪಿತು. ತಂಡವನ್ನು ಹೊಸದಾಗಿ ಬಂದ ಅತಿಥಿ ಉಪನ್ಯಾಸಕರೊಬ್ಬರಿಗೆ ಒಪ್ಪಿಸಿ, ಇವರನ್ನು ವಿದ್ಯಾರ್ಥಿವೇತನದ ಅರ್ಜಿ ತೆಗೆದುಕೊಳ್ಳುವ ಮೇಜಿಗೆ ಕೂರಿಸಿದರು. ಇವರು ಹಗಲಿಡೀ ಅರ್ಜಿ ತೆಗೆದುಕೊಂಡರು. ಆದರೆ ದಿನಾ ಬೆಳಗಾಗುತ್ತಲೇ, ತಂಡ ಅಭ್ಯಾಸಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ, ಮೈದಾನದಲ್ಲಿ ಕಾಲೆಳೆಯುತ್ತ ಸುತ್ತು ಹಾಕತೊಡಗಿದರು. ಹತ್ತಿರ ಬಂದಾಗ “ಏ, ಮೊಣಕಾಲು ಬಗ್ಗಲಿ!” ದೂರ ಹೋಗುತ್ತ “ಕೈ ಬಿಡಬ್ಯಾಡ್ರೋ, ಕೈ!” ಪ್ರಾಚಾರ್ಯರು ಕರೆಸಿ ಕೇಳಿದರೆ, “ವಾಕಿಂಗ್ ಮಾಡಾಕ್ಹತ್ತೀನ್ರಿ ಸರ್. ಡಾಕ್ಟರು ಹೇಳ್ಯಾರ. ವಾಕಿಂಗ್ ಮಾಡುವಾಗ ಬಾಯಿ ಮುಚ್ಚಿಕೊಂಡಿರು ಅಂತ ಹೇಳಿಲ್ಲ” ಎಂದರು. ಆ ಅತಿಥಿ ಉಪನ್ಯಾಸಕ ಪಾಪ ಒಳ್ಳೆಯವನು, ಒಂದೆರಡು ದಿನದಲ್ಲಿ ತಾನೂ ಅವರ ಜೊತೆ ಸುತ್ತು ಹಾಕುತ್ತ ಕಲಿಯತೊಡಗಿದ.

ಇತ್ತ ಬೀರಪ್ಪನಿಗೆ ಬೇರೆ ತೊಡಕು. ಹುಬ್ಬಳ್ಳಿಯಲ್ಲಿ ತಂಡದವರ ಪರೀಕ್ಷೆಗೆ ಬಾ ಎಂದು ಕರೆ ಬಂದಿತ್ತು, ಅಪ್ಪ ಕಳಿಸಲು ಒಲ್ಲೆ ಎಂದಿದ್ದ. ಪೊಲೀಸ್ ಭರ್ತಿಗೆ ಓದಿಕೊಳ್ಳಲಿ ಎಂಬುದು ಅಪ್ಪನ ಹಟ. ಮೇಡಂ ನನ್ನನ್ನು ಕೂರಿಸಿಕೊಂಡು ಅಳವಂಡಿಗೆ ಹೊರಟರು. ಸಂಜೆ ಕುರಿ ಹೊಡೆದುಕೊಂಡು ಬಂದ ಅಪ್ಪ, ಹೆಗಲ ಕಂಬಳಿ ಕಟ್ಟೆಗೆ ಹಾಸಿ ನಮ್ಮನ್ನು ಕೂರಿಸಿ, ತಾನು ನಿಂತೇ ಮಾತಾಡಿದ.

“ಸಿಟ್ಟಾಗಬ್ಯಾಡ್ರಿ ಮೇಡಂ, ಒಂದು ಮಾತು ಕೇಳ್ತೀನಿ. ಸಂತ್ಯಾಗ ನಾವು ಕುರಿ ಬೆನ್ನು ಹಿಚುಕಿ ನೋಡಿ ವ್ಯಾಪಾರ ಮಾಡ್ತೀವಿ. ನೀವು ನಮ್ಮ ಹುಡುಗನ ಏನು ಹಿಚುಕಿ ನೋಡಿದ್ರಿ?”

“ಮುಟ್ಟಿಲ್ರಿ ಯಜಮಾನ್ರ. ಬಿದ್ದಾಗ ನೋಡೀನಿ.”

“ಬಿದ್ದಾಗ?”

“ಕುಷ್ಟಗ್ಯಾಗ ಮಾರಿ ಮಣ್ಣಾಗೂ ಹಂಗ ಬಿದ್ದ. ಎಲ್ಲಾರೂ ನಕ್ರು. ಬಿದ್ದ ಹುಡುಗರು ಎದ್ದ ಕೂಡಲೇ ಯಾರದರ ಮುಖ ನೋಡ್ತಾರ್ರಿ. ಗೆಳ್ಯಾಂದು, ಮಾಸ್ತರಂದು. ಇವ ಯಾರ ಮುಖಾನೂ ನೋಡ್ಲಿಲ್ಲ. ಎದ್ದು ಮಣ್ಣು ಒರಸಿಕೊಂಡ. ಆಮ್ಯಾಲ ಅದೇ ಹುಡುಗನ ಅದೇ ಕಾಲು ಹಿಡದ.”

ಅಪ್ಪ ಕುರಿಗಳ ಕಡೆ ನೋಡಿದ. “ಖರೆ ಐತ್ರಿ. ಸಣ್ಣಾವಿದ್ದಾಗಿಂದ ಹಂಗ ಅದಾನ. ಬಿದ್ರ ಅಳ್ತಿರಲಿಲ್ಲ, ನಮ್ಮಾಕಿ ಹೆದರಿ ಬಿಡ್ತಿದ್ಲು.” ಮತ್ತೆ ಕೇಳಿದ, “ಹರಾಜು ಅಂತಾರಲ್ರಿ. ಯಾರೂ ಕೊಳ್ಳಲಿಲ್ಲ ಅಂದ್ರ?”

“ಸಂತ್ಯಾಗ ಹೋಗದ ಕುರಿ ಏನು ದಾರ್ಯಾಗ ಬಿಟ್ಟು ಬರ್ತೀರೇನ್ರಿ? ಮನಿಗೆ ಬರ್ತಾನ.”

ಅಪ್ಪ ನಕ್ಕ. ಹುಡುಗನನ್ನು ಕಳಿಸಿದ.

ಹುಬ್ಬಳ್ಳಿಯಲ್ಲಿ ಬೀರಪ್ಪ ಚೆನ್ನಾಗಿಯೇ ಆಡಿದ. ಹರಾಜಿನ ಪಟ್ಟಿಗೆ ಅವನ ಹೆಸರೂ ಸೇರಿತು. ಅಷ್ಟರಲ್ಲಿ ಅಧ್ಯಕ್ಷರು ಬೇರೆ ಯಾರ ಮೂಲಕವೋ ಬೇರೊಂದು ತಂಡದವರಿಗೆ ವಿನಯನನ್ನು ತೋರಿಸಿದ್ದರು. ಅವನ ಹೆಸರೂ ಸೇರಿತು. ಹರಾಜಿನ ದಿನ ಮೇಡಂ ಅಳವಂಡಿಯಲ್ಲೇ ಇದ್ದರು, ನಾನೂ ಇದ್ದೆ. ಅಂಗಳದಲ್ಲಿ ಮನೆಯವರೆಲ್ಲ ಒಂದು ಮೊಬೈಲಿನ ಸುತ್ತ ಕೂತಿದ್ದರು. ವಿನಯನ ಹೆಸರು ಬಂತು, ಕೊಂಡರು. ಆಗ ಗಂಗಾವತಿಯಲ್ಲಿ ಪಟಾಕಿ ಹಾರಿಸಿದ್ದನ್ನು ಯಾರೋ ಅಲ್ಲಿಂದಲೇ ಫೋನ್ ಮಾಡಿ ಕೇಳಿಸಿದರು. ಬೀರಪ್ಪನ ಹೆಸರು ಬಂತು. ಯಾವ ತಂಡವೂ ಕೈ ಎತ್ತಲಿಲ್ಲ. ಮೇಡಂ ಹೆಸರು ಕಳಿಸಿದ್ದ ಅವರದೇ ತಂಡವೂ ಎತ್ತಲಿಲ್ಲ. ಮುಂದಿನ ಹೆಸರು ಬಂತು.

ಬೀರಪ್ಪನ ಅವ್ವ ಒಳಗೆ ಎದ್ದು ಹೋದಳು. ಯಾರೋ ಮೊಬೈಲ್ ಬೋರಲು ಹಾಕಿದರು. ಹುಡುಗ ನೆಲ ನೋಡುತ್ತ ಕೂತಿದ್ದ. ಅಪ್ಪ ನಮ್ಮನ್ನು ಬೈದಿದ್ದರೇ ವಾಸಿ ಇತ್ತು.

“ಉಂಡಿಯೇನು?” ಮೇಡಂ ಕೇಳಿದರು.

“ಇಲ್ರಿ.”

“ಉಣ್ಣು. ಮುಂಜಾನೆ ಗ್ರೌಂಡಿಗೆ ಬಾ, ನಾ ಮೊದಲನೇ ಬಸ್ಸಿಗೆ ಕೊಪ್ಪಳಕ್ಕ ಬರ್ತೀನಿ.”

“ಇನ್ನ ಯಾಕ್ರಿ ಮೇಡಂ? ಮುಗೀತಲ್ಲ.”

“ಏನು ಮುಗೀತು? ಅವರು ನಿನ್ನ ಕೊಳ್ಳಲಿಲ್ಲ. ನಿನ್ನ ಕಾಲೇನು ಕಡಕೊಂಡು ಹೋದ್ರೇನು?”

ಬೀರಪ್ಪ ಮುಖ ಎತ್ತಿದ. ಅವರ ದನಿಯಲ್ಲಿ ಸಮಾಧಾನ ಹೇಳುವ ಧಾಟಿ ಒಂದಿಷ್ಟೂ ಇರಲಿಲ್ಲ. ಜಗಳಕ್ಕೆ ನಿಂತವರ ದನಿ ಅದು. ಬೆಳಿಗ್ಗೆ ಹೋದರು, ಮುಂದೆ ಭಾನುವಾರ ಭಾನುವಾರ ಹೋದರು. ಆ ವರ್ಷದ ಕೊನೆಗೆ ತಂಡದವರು, ಮುಂದಿನ ಸಲದಿಂದ ನಿಮ್ಮ ಅಗತ್ಯವಿಲ್ಲ ಎಂದು ಫೋನಿನಲ್ಲಿ ತಿಳಿಸಿದರು. ವಿಡಿಯೋ ನೋಡಿಯೇ ಆರಿಸುತ್ತಾರಂತೆ. “ಹೋಗ್ಲಿ ಬಿಡು” ಎಂದರು ಮೇಡಂ. “ಅವರು ಬ್ಯಾಡ ಅಂದ್ರಂತ ನಾ ಕಣ್ಣು ಮುಚ್ಚಿಕೊಂಡು ಕುಂದ್ರಲೇನು?” ಪಂದ್ಯಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅವರ ಕತೆ ಸುಲಭವಿತ್ತು. ಆದರೆ ಆ ಲೀಗಿನಲ್ಲಿ ವಿನಯ ಚೆನ್ನಾಗಿ ಆಡಿಬಿಟ್ಟ. ಮೊದಲು ಬೆಂಚಿನಲ್ಲಿ ಕೂತಿದ್ದವನು ಒಬ್ಬರಿಗೆ ಪೆಟ್ಟಾದಾಗ ಒಳಗಿಳಿದು, ಎಡಗೈ ಬಲಗೈ ಎರಡನ್ನೂ ಚಾಚಿ, ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದ. ಗಂಗಾವತಿಯೆಲ್ಲ ಅದೇ ಮಾತು. ಬಸ್ ನಿಲ್ದಾಣದಿಂದ ಸುತ್ತಲಿನ ಕ್ಯಾಂಪು ಹಳ್ಳಿಗಳವರೆಗೆ ಮೇಡಂ ಹೋದಲ್ಲೆಲ್ಲ ಜನ ಕೇಳತೊಡಗಿದರು: “ಏನ್ರಿ ಮೇಡಂ, ವಿನಯಂದು ಭುಜ ಹೆಂಗೈತಿ?”

ಕಾಲೇಜಿನಲ್ಲಿ ಸಿಹಿ ಹಂಚಲು ಅಧ್ಯಕ್ಷರೇ ಬಂದರು. ಸ್ಟಾಫೆಲ್ಲ ಸಭಾಭವನದಲ್ಲಿ ಸೇರಿತ್ತು. ಅಧ್ಯಕ್ಷರ ಭಾಷಣ ಮುಗಿಯುತ್ತಲೇ ಮೇಡಂ ಎದ್ದು ನಿಂತರು. ಈಗ ಏನೋ ಆಗುತ್ತದೆ ಎಂದುಕೊಂಡೆ.

“ಸರ್, ಒಂದು ಮಾತು. ವಿನಯ ಭಾಳ ಛಲೋ ಆಡ್ಯಾನ. ಎಡಗೈ ಆಡಂಗಿಲ್ಲ ಅಂದಿದ್ದೆ, ಆಡಸಿ ತೋರಿಸ್ಯಾನ. ನಾ ತಪ್ಪಿದ್ದೆ. ಎಲ್ಲಾರ ಮುಂದ ಹೇಳಬೇಕಿತ್ತು, ಹೇಳಿದೆ.”

ಅಧ್ಯಕ್ಷರ ಮುಖ ಅರಳಿತು. “ಈಗರ ತಿಳೀತಲ್ಲ. ಇನ್ನ ಮುಂದರ ನಮ್ಮ ಮಾತು ಕೇಳ್ರಿ.”

“ಇಲ್ರಿ ಸರ್. ಇನ್ನ ಮುಂದೂ ನನಗ ಕಂಡದ್ದನ್ನ ಹೇಳ್ತೀನಿ. ತಪ್ಪಾದ್ರ ಮತ್ತ ಇಲ್ಲೇ ನಿಂತು ಒಪ್ಪಿಕೊಳ್ತೀನಿ. ಆದ್ರ ತಪ್ಪು ನಂದಿರಬೇಕು. ನಿಮ್ಮ ತಪ್ಪು ನಾ ಯಾಕ ಬರೀಲಿ?”

ಹೇಳಿ, ತಟ್ಟೆಯಿಂದ ಒಂದು ಲಾಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ವಿನಯನ ಗೆಲುವಿನ ಲಾಡು ಅದು; ನಿಜವಾಗಿಯೂ ಖುಷಿಯಿಂದ ತಿಂದರು. ನಾನು ನನ್ನ ಬದುಕಿನಲ್ಲಿ ಬಹಳ ಜನ ಸರಿ ಇದ್ದವರನ್ನು ನೋಡಿದ್ದೇನೆ. ತಪ್ಪಿದಾಗಲೂ ಬೆನ್ನು ಬಗ್ಗಿಸದವರನ್ನು ಅವರೊಬ್ಬರನ್ನೇ ನೋಡಿದ್ದು.

ಬೀರಪ್ಪನನ್ನು ಮುಂದಿನ ಹರಾಜಿನಲ್ಲೂ ಯಾರೂ ಕೊಳ್ಳಲಿಲ್ಲ. ಮೇಡಂ ಆಗಲೂ “ಉಂಡಿಯೇನು?” ಎಂದೇ ಕೇಳಿದ್ದು. ಅದರ ಮರುವರ್ಷ, ಒಂದು ರಾಷ್ಟ್ರೀಯ ಪಂದ್ಯದಲ್ಲಿ ಅವನ ಆಟ ನೋಡಿ ಒಂದು ತಂಡ ಅವನನ್ನು ತೆಗೆದುಕೊಂಡಿತು. ಯಾವ ತಂಡ, ಎಷ್ಟಕ್ಕೆ ಎಂದೆಲ್ಲ ಪೇಪರಿನವರು ಬರೆದರು. ಮೇಡಂ ಕೇಳಿದ್ದು ಒಂದೇ: “ಎಡಮೂಲಿನ ಕೊಟ್ಟಾರಿಲ್ಲೋ?” ಕೊಟ್ಟಿದ್ದರು.

ಕೊಪ್ಪಳದ ಬಸ್ ನಿಲ್ದಾಣದ ಎದುರಿಗೆ ದೊಡ್ಡ ಫ್ಲೆಕ್ಸ್ ಎದ್ದಿತು. ಜಿಲ್ಲೆಯ ಹೆಮ್ಮೆ ಎಂದು ಬರೆದು, ಶುಭ ಕೋರುವವರ ಮುಖಗಳನ್ನು ಸಾಲಾಗಿ ಹಾಕಿದ್ದರು. ಮೊದಲನೆಯ ಮುಖ ನಮ್ಮ ಅಧ್ಯಕ್ಷರದ್ದು. ಅವರ ಗಾಗಲ್ ಒಂದೇ ಬೀರಪ್ಪನ ತಲೆಯಷ್ಟು ದೊಡ್ಡದಿತ್ತು. ಮಗನನ್ನು ಶಿಬಿರದ ಬಸ್ಸಿಗೆ ಹತ್ತಿಸಲು ಬಂದ ಅಪ್ಪ, ಮೇಡಂ, ನಾನು ಅದರ ಮುಂದೆ ನಿಂತೆವು. ಬಸ್ಸು ಹೋಗಿಯಾಗಿತ್ತು. ಅಪ್ಪ ಕುತ್ತಿಗೆ ಎತ್ತಿ, ಬೆರಳು ಮಾಡಿ, ಒಂದೊಂದೇ ಮುಖ ನೋಡಿದ. ಕೊನೆಯವರೆಗೆ ನೋಡಿ ತಿರುಗಿದ.

“ಇದರಾಗ ನೀವೆಲ್ಲದೀರಿ ಮೇಡಂ?”

“ಇಲ್ರಿ.”

“ಅದ್ಹೆಂಗ್ರಿ? ಮೊದಲ ನಿಮ್ಮದಿರಬೇಕಿತ್ತಲ್ರಿ! ನಾ ಈಗ ಹೋಗಿ ಕೇಳ್ತೀನಿ ತಡೀರಿ, ಹಾಕಿದಾವ್ರು ಯಾರಂತ.”

ಅವನು ಹೊರಟೇಬಿಟ್ಟಿದ್ದ. ಮೇಡಂ ಅವನ ಹೆಗಲ ಕಂಬಳಿ ಹಿಡಿದು ಜಗ್ಗಿ ನಿಲ್ಲಿಸಿದರು.

“ಸುಮ್ಮನಿರ್ರಿ ಯಜಮಾನ್ರ. ಈ ಮುಖಗಳ ಜೋಡಿ ನಂದೂ ಹಾಕಿದ್ರ, ನಾನ ಬಂದು ಹರೀತಿದ್ದೆ.”